ಗಾಡಿ ಕಳೆದು

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ
ಗಾಲಿಕುರ್ಚಿಯ ಸಮೇತ ತೂಕದ ಹಲಗೆಗೆ ಏರಿಸಿ
ನರ್ಸು ಓದಿದಳು: ಐವತ್ತೇಳು.
ಎರಡು ತಿಂಗಳಿಂದ ನನ್ನ ಹೆಸರೇ ನೆನಪಿಗೆ ಸಿಗದ ಅಪ್ಪ
ಕತ್ತೆತ್ತಿ ಕೇಳಿದ:
'ಗಾಡಿ ಕಳೆದ್ರಾ?'

ಗಾಡಿ ಕಳೆಯುವುದು. ಅವನ ಮೂವತ್ತೊಂದು ವರ್ಷ ಅಷ್ಟೇ.
ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ತೂಕದ ಕಟ್ಟೆ.
ಕಬ್ಬಿನ ಸಮೇತ ಒಂದು ಸಲ, ಬರಿಗಾಡಿ ಇನ್ನೊಂದು ಸಲ,
ಅದರಲ್ಲಿ ಇದು ಹೋಗಿ ಉಳಿದದ್ದು ರೈತನದು.
ಉಳಿದದ್ದರಲ್ಲಿ ಒಂದು ಹಿಡಿ ಯಾರದೆಂದು
ಊರಿಗೆ ಗೊತ್ತಿತ್ತು.
ನನ್ನ ಹೊಸ ಲಂಗಕ್ಕೂ ಗೊತ್ತಿತ್ತು.

ಹಂಗಾಮು ಶುರುವಾಗುವ ಮುಂಚೆ ಪ್ರತಿ ವರ್ಷ
ಮೈಸೂರಿನ ಮಂಡಿ ಮೊಹಲ್ಲಾದಿಂದ ಬರುವರು
ಹಾನೋಖ್ ದಿವೇಕರ್, ತಕ್ಕಡಿ ರಿಪೇರಿಯವರು,
ಕೈಯಲ್ಲಿ ಮುದ್ರೆಯೊತ್ತಿದ ಬಟ್ಟುಗಳ ಪೆಟ್ಟಿಗೆ.
'ಯಹೂದಿ ಜನ' ಎಂದಿದ್ದ ಅಪ್ಪ.
ಆ ಪದಕ್ಕೆ ನಾನು ಕಂಡ ಮುಖ ಅದೊಂದೇ.
ಶುಕ್ರವಾರ ಹೊತ್ತು ಇಳಿಯುವ ಮೊದಲೇ ಪ್ಯಾಸೆಂಜರ್ ಹಿಡಿಯುವರು;
ಶನಿವಾರ ಮಹಾರಾಜರೇ ಕರೆದರೂ ತಿರುಪು ತಿರುಗಿಸರು.

ಒಮ್ಮೆ ಅಪ್ಪನ ಜೊತೆ ಅವರ ಮನೆಗೆ ಹೋಗಿದ್ದೆ.
ಎದುರಿಗೇ ಬೆತ್ತದ ಕುರ್ಚಿ, ಖಾಲಿ. ಕೂರಲು ಹೋದೆ.
ಬೈಯಲಿಲ್ಲ. ಮಣೆ ತಂದಿಟ್ಟರು.
'ಅದು ಬಾಬಾದು.'
ಅರವತ್ತು ದಾಟಿದ ಮಗ ಅದರಲ್ಲಿ ಒಂದು ದಿನವೂ ಕೂತಿಲ್ಲವಂತೆ.
ಒಳಗಿನ ಕೆಮ್ಮು ಹತ್ತಿರವಾದಾಗ
ದಡಕ್ಕನೆ ಎದ್ದು ನಿಂತರು,
ಕೈಯಲ್ಲಿದ್ದ ಚಹಾ ಪಂಚೆಗೆ ತುಳುಕಿತು.

'ಬಾಬಾ ಅಷ್ಟು ಒಳ್ಳೆಯವರಾ?'
ನಕ್ಕರು. 'ಬೆಲ್ಟು ಬಿಚ್ಚಿ ಹೊಡೀತಿದ್ದರು.
ಅಪ್ಪ ಅಮ್ಮನ ವಿಷಯಕ್ಕೆ ನಮ್ಮ ಗ್ರಂಥದಲ್ಲಿ
ಪ್ರೀತಿಸು ಅಂತ ಬರೆದಿಲ್ಲ, ಮಗಳೇ.
ಕಬೇದ್ ಅಂತಿದೆ. ಭಾರ ಅನ್ನೋ ಪದದ ಬೇರು ಅದು.
ತೂಕ ಕೊಡು ಅಂತ.
ಉಣ್ಣಿಸು, ಕುಡಿಸು, ಉಡಿಸು, ಹೊದಿಸು,
ಕೈ ಹಿಡಿದು ಒಳಗೆ ಹೊರಗೆ ನಡೆಸು.
ಮನಸ್ಸಿನ ಲೆಕ್ಕ ಆಮೇಲೆ.'

'ಅಪ್ಪ ತಪ್ಪು ಮಾಡಿದ್ರೆ?'
ನನ್ನಪ್ಪ ಜಗುಲಿಯಲ್ಲಿ ಬೀಡಿ ಸೇದುತ್ತಿದ್ದ.
ದಿವೇಕರ್ ಆ ಕಡೆ ನೋಡಿದರು.
ಮುಳ್ಳು ಎಲ್ಲಿ ವಾಲುತ್ತದೆಂದು ಅವರಿಗಲ್ಲದೆ ಯಾರಿಗೆ ಗೊತ್ತು.
'ತಪ್ಪು ಅನ್ನಬಾರದು.
ಅಪ್ಪಾ, ಹೀಗೇನಾ ಬರೆದಿರೋದು? ಅಂತ ಕೇಳಬೇಕು.'

ಕೇಳಿದೆ.
ಕ್ಯಾರಿಯರ್ ಒಯ್ದ ಒಂದು ಮಧ್ಯಾಹ್ನ,
ಕೀಲಾರದ ಗಾಡಿ ಕಟ್ಟೆಯ ಮೇಲಿತ್ತು.
ಮುಳ್ಳು ನೋಡಿದೆ, ಚೀಟಿ ನೋಡಿದೆ.
'ಅಪ್ಪಾ, ಹಿಂಗೇನಾ ಬರೆಯೋದು?'
ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿದ್ದೆ.
ಕಾಗದ ಹರಿದ ಸದ್ದು. ಬೇರೆ ಚೀಟಿ ಬರೆದ.
ಆ ಒಂದು ಗಾಡಿಗೋ, ಆಮೇಲೂನೋ,
ತಿಳಿಯದು. ಮರುದಿನದಿಂದ
ಕ್ಯಾರಿಯರ್ ಒಯ್ದವನು ತಮ್ಮ.

ಮುಂದೆ ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿ
ಕಪ್ಪುಹಲಗೆಗೆ ಪ್ರಸ್ತಾರ ಹಾಕುತ್ತಿದ್ದಾಗ
ಸೀಮೆಸುಣ್ಣ ನಿಂತಿತು.
ಗುರು ಎಂದರೆ ಭಾರ. ಗೌರವ ಹುಟ್ಟಿದ್ದು ಅದರ ಹೊಟ್ಟೆಯಲ್ಲೇ.
ನಿಮ್ಮ ಪದ, ನಮ್ಮ ಪದ
ಒಂದೇ ಕಟ್ಟೆಗೆ ಬಂದವಲ್ಲ ಎಂದು ಹೇಳೋಣವೆಂದರೆ
ಅಷ್ಟರಲ್ಲಿ ದಿವೇಕರ್ ಇರಲಿಲ್ಲ.
ಆ ಬೆತ್ತದ ಕುರ್ಚಿ ಏನಾಯಿತೋ.

ಈಗ ದಿನಾ ಮುದ್ದೆ ಮುರಿದು, ಸಾರಿನಲ್ಲಿ ನಾದಿ,
ಬಾಯಿಗಿಡುತ್ತೇನೆ. ಕೆಲವು ದಿನ ಪ್ರೀತಿ ಬರುತ್ತದೆ.
ಕೆಲವು ದಿನ ಆ ಲಂಗ ನೆನಪಾಗಿ
ತುತ್ತು ಸ್ವಲ್ಪ ಬಿಸಿಯಾಗೇ ಹೋಗುತ್ತದೆ.
ಊದಿ ಮತ್ತೆ ಇಡುತ್ತೇನೆ.

'ಏನಂತಾರೆ ತಾತ?' ನರ್ಸಿಗೆ ಅವಸರ.
'ಕುರ್ಚಿ ತೂಕ ಕಳೀಬೇಕಂತೆ.'
ವಾರ್ಡ್‌ಬಾಯ್ ಕಾಲು ಹಿಡಿದ, ನಾನು ಕಂಕುಳಿಗೆ ಕೈ ಕೊಟ್ಟು
ಅವಚಿ ಎತ್ತಿಕೊಂಡೆ.
ಬರಿ ಕುರ್ಚಿ: ಹತ್ತೊಂಬತ್ತು.
ಐವತ್ತೇಳು ಹೊಡೆದು ಮೂವತ್ತೆಂಟು ಎಂದು ಬರೆದಳು.

ನನ್ನ ಹೆಗಲ ಮೇಲಿಂದ ಅಪ್ಪ ಕೇಳಿದ,
ಯಾರನ್ನು ಕೇಳುತ್ತಿದ್ದಾನೆಂದು ತಿಳಿಯದೆ:
'ಹಿಂಗೇನಾ ಬರೆಯೋದು?'

'ಹಿಂಗೇ ಅಪ್ಪಾ.'
ಇಳಿಸಲು ಕುರ್ಚಿ ಇನ್ನೂ ಬಂದಿರಲಿಲ್ಲ.